ವಿಮಾನದ ಅಂತರ, ಅವಧಿ: ಒಂದೇ ಅಂಕಿ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಹೊಸ ವಿಮಾನ ಮಾರ್ಗ ಶುರುವಾದಾಗಲೆಲ್ಲ ಪತ್ರಿಕೆಗಳಲ್ಲಿ ಸುದ್ದಿಯ ಪಕ್ಕ ಒಂದು ಚೌಕ ಬರುತ್ತದೆ: ಅಂತರ ಇಷ್ಟು ಕಿ.ಮೀ., ಪ್ರಯಾಣದ ಅವಧಿ ಇಷ್ಟು ಗಂಟೆ. ಇರುವುದು ಎರಡೇ ಅಂಕಿ. ಆದರೆ ಅವನ್ನೇ ನಂಬಿ ಮುಂದಿನ ವಿಮಾನಕ್ಕೋ ರೈಲಿಗೋ ಟಿಕೆಟ್ ಮಾಡಿಸಿಕೊಂಡವರು ಪೇಚಿಗೆ ಸಿಲುಕುತ್ತಾರೆ. ಆ ಅಂತರ ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ, ಆ ಗಂಟೆಗಳು ಆಕಾಶದಲ್ಲಿ ಹಾರುವ ಹೊತ್ತೋ ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತೋ, ಹೋಗುವಾಗಿನದೋ ಬರುವಾಗಿನದೋ ಎಂಬುದು ಚೌಕದಲ್ಲಿ ಇರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದೇ ಜೋಡಿ ನಗರಗಳಿಗೆ ನಾಲ್ಕು ಬೇರೆ ಬೇರೆ ಉತ್ತರ ಸಿಗುತ್ತವೆ. ಹಾಗೆ ನೋಡಿದರೆ ನಾಲ್ಕೂ ಸರಿಯೇ ಇರಬಹುದು. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಅಂತರ. ವಿಮಾನದ ಲೆಕ್ಕದಲ್ಲಿ ಅಂತರ ಎಂದರೆ ಭೂಗೋಳದ ಮೈಮೇಲೆ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಲೆಕ್ಕ ಕಷ್ಟದ್ದಲ್ಲ, ಸೈನ್, ಕೊಸೈನ್ ಗುಂಡಿಗಳಿರುವ ಕ್ಯಾಲ್ಕುಲೇಟರ್ ಸಾಕು. ಎರಡು ನಿಲ್ದಾಣಗಳ ಅಕ್ಷಾಂಶಗಳ ಸೈನ್ ಬೆಲೆಗಳನ್ನು ಗುಣಿಸಿ ಒಂದು ಕಡೆ ಬರೆದುಕೊಳ್ಳಿ. ಅಕ್ಷಾಂಶಗಳ ಕೊಸೈನ್ ಬೆಲೆಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿದರೆ ಬರುವುದು ಭೂಮಿಯ ಕೇಂದ್ರದಲ್ಲಿ ಆ ಎರಡು ನಿಲ್ದಾಣಗಳ ನಡುವೆ ಆಗುವ ಕೋನದ ಕೊಸೈನ್. ಆ ಕೋನವನ್ನು ಡಿಗ್ರಿಯಲ್ಲಿ ತೆಗೆದು 111.19ರಿಂದ ಗುಣಿಸಿದರೆ ಕಿಲೋಮೀಟರ್ ಸಿಕ್ಕಿತು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಒಂದು ಡಿಗ್ರಿಗೆ ಬರುವ ಉದ್ದವೇ 111.19.

ಲಂಡನ್ನಿನ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಗಳನ್ನೇ ತೆಗೆದುಕೊಳ್ಳೋಣ. ಹೀಥ್ರೂ 51.47 ಡಿಗ್ರಿ ಉತ್ತರ, 0.45 ಪಶ್ಚಿಮ. ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಮೊದಲ ಗುಣಲಬ್ಧ 0.5095, ಎರಡನೆಯದು 0.1356, ಮೊತ್ತ 0.6451. ಕೋನ 49.83 ಡಿಗ್ರಿ, ಅಂದರೆ ಸುಮಾರು 5,540 ಕಿ.ಮೀ. ಆದರೆ ಕೆಲವು ಕಡೆ 5,555ರ ಆಸುಪಾಸಿನ ಅಂಕಿ ಕಾಣಿಸುತ್ತದೆ. ಅದೂ ಸರಿಯೇ. ಭೂಮಿ ಪೂರ್ತಿ ದುಂಡಗಿಲ್ಲ; ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತಂದರೆ ಹದಿನೈದು ಕಿಲೋಮೀಟರ್ ಹೆಚ್ಚು ಬರುತ್ತದೆ. ಯಾವ ಮಾರ್ಗದಲ್ಲೂ ಈ ವ್ಯತ್ಯಾಸ ಸುಮಾರು ಅರ್ಧ ಪರ್ಸೆಂಟ್ ದಾಟುವುದಿಲ್ಲ, ಆದ್ದರಿಂದ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೋನದ ಗುಂಡಿ ರೇಡಿಯನ್‌ನಲ್ಲಿದೆಯೋ ಡಿಗ್ರಿಯಲ್ಲಿದೆಯೋ ಎಂದು ನೋಡಿಕೊಳ್ಳದೆ ಒತ್ತುವುದು, ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕಲು ಮರೆಯುವುದು, ತಪ್ಪು ಆಗುವುದು ಈ ಎರಡು ಕಡೆ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಇದ್ದಾಗ ರೇಖಾಂಶಗಳನ್ನು ಕೂಡಿಸಬೇಕು, ಕಳೆಯಬಾರದು.

ಅಂಕಿಗಳಲ್ಲಿ ದೊಡ್ಡ ಗೊಂದಲ ತರುವುದು ಮೈಲಿ. ಸಾಮಾನ್ಯ ಮೈಲಿ 1.609 ಕಿ.ಮೀ., ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಹೀಥ್ರೂ–ಜೆಎಫ್‌ಕೆ ಅಂತರ ನಾಟಿಕಲ್ ಮೈಲಿಯಲ್ಲಿ ಸುಮಾರು 3,000, ಸಾಮಾನ್ಯ ಮೈಲಿಯಲ್ಲಿ ಸುಮಾರು 3,450. ವಿಮಾನ ಕಂಪನಿಯ ಪ್ರಕಟಣೆಯಲ್ಲಿರುವ ನಾಟಿಕಲ್ ಮೈಲಿಯನ್ನು ವರದಿಗಾರರು 1.6ರಿಂದ ಗುಣಿಸಿಬಿಟ್ಟರೆ ಈ ಮಾರ್ಗದಲ್ಲೇ 750 ಕಿ.ಮೀ. ಮಾಯವಾಗುತ್ತದೆ. ವಿಮಾನದ ವ್ಯಾಪ್ತಿಯ ಬಗ್ಗೆ ಬರೆಯುವಾಗಲೂ ಇದೇ ಎಡವಟ್ಟು.

ಇನ್ನೊಂದು, ‘ಲಂಡನ್’ ಎಂಬುದು ಒಂದು ನಿಲ್ದಾಣವಲ್ಲ. ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ ಎಲ್ಲವೂ ಟಿಕೆಟ್ ಹುಡುಕುವಾಗ ಒಂದೇ ಹೆಸರಿನಡಿ ಬರುತ್ತವೆ. ಟೋಕಿಯೊದ ಹನೇಡಾ ನಗರದ ಮಗ್ಗುಲಲ್ಲೇ ಇದೆ, ನರಿಟಾ ನಗರದ ನಡುವಿನಿಂದ ಸುಮಾರು 60 ಕಿ.ಮೀ. ದೂರ. ವಿಮಾನದ ಅಂತರದಲ್ಲಿ ಇದು ಗಣನೆಗೇ ಬಾರದು, ಮನೆ ತಲುಪುವ ಹೊತ್ತಿನಲ್ಲಿ ಮಾತ್ರ ಒಂದು ಗಂಟೆಯ ಮಾತು.

ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಹತ್ತಿರದ ದಾರಿಯಲ್ಲ. ಹೀಥ್ರೂನಿಂದ ಜೆಎಫ್‌ಕೆಗೆ ಶಾಲೆಯ ನಕ್ಷೆಯ ನೇರ ಗೆರೆಯಂತೆ, ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋದರೆ ಸುಮಾರು 5,760 ಕಿ.ಮೀ. ಆಗುತ್ತದೆ, ಮಹಾವೃತ್ತಕ್ಕಿಂತ ಸುಮಾರು 220 ಕಿ.ಮೀ. ಹೆಚ್ಚು. ವಿಮಾನದೊಳಗಿನ ಪರದೆಯಲ್ಲಿ ದಾರಿ ಉತ್ತರಕ್ಕೆ ಬಾಗಿ ಕಂಡರೆ ‘ಸುತ್ತು ಹಾಕುತ್ತಿದ್ದಾರೆ’ ಎಂದುಕೊಳ್ಳುವವರು ಬಹಳ. ಒಂದು ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಆದರೆ ವಿಮಾನ ಆ ದಾರದ ಮೇಲೆಯೇ ಹಾರುವುದಿಲ್ಲ ಎನ್ನುವುದೂ ನಿಜ. ಏರುವಾಗ ಮತ್ತು ಇಳಿಯುವಾಗ ನಿಗದಿತ ದಾರಿಗಳಿರುತ್ತವೆ. ವಿಮಾನ ಗಾಳಿಗೆ ಎದುರಾಗಿ ಮೇಲೇರಬೇಕು, ಹಾಗಾಗಿ ಪೂರ್ವಕ್ಕೆ ಹೋಗಬೇಕಾದದ್ದು ಪಶ್ಚಿಮಕ್ಕೆ ಏರಿ ತಿರುಗುವುದೂ ಉಂಟು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂಗಾಲದ ಲೆಕ್ಕ ಹಾಕುವಾಗ ಇದಕ್ಕೆಂದೇ ಮಹಾವೃತ್ತದ ಅಂತರಕ್ಕೆ ಒಂದಿಷ್ಟು ಸೇರಿಸುತ್ತದೆ: 550 ಕಿ.ಮೀ.ಗಿಂತ ಕಡಿಮೆಯ ಮಾರ್ಗಕ್ಕೆ 50, ಅಲ್ಲಿಂದ 5,500ರವರೆಗೆ 100, ಅದಕ್ಕೂ ಮೇಲ್ಪಟ್ಟರೆ 125 ಕಿ.ಮೀ. ಸಾಧಾರಣ ದಿನದಲ್ಲಿ ಇದು ನ್ಯಾಯವಾದ ಅಂದಾಜು. ವಾಯುಪ್ರದೇಶ ಮುಚ್ಚಿದಾಗ ಇದು ಯಾವ ಮೂಲೆಗೂ ಸಾಲದು. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯ ಆಸುಪಾಸಿನಿಂದ ಹದಿಮೂರು ಗಂಟೆಯ ಸುತ್ತಮುತ್ತಕ್ಕೆ ಏರಿತು. ಕೆಲವು ದಿನ ವಿಮಾನ ಉತ್ತರ ಧ್ರುವದ ಕಡೆಯಿಂದ ಬಳಸಿ ಹೋಯಿತು. ಪಟ್ಟಿಯಲ್ಲಿರುವ ಅಂತರ ಮಾತ್ರ ಅಂದೂ ಅಷ್ಟೇ, ಇಂದೂ ಅಷ್ಟೇ. ಚೌಕದಲ್ಲಿ ಹಳೆಯ ಕಿಲೋಮೀಟರ್ ಪಕ್ಕ ಹೊಸ ಗಂಟೆ ಅಚ್ಚಾದರೆ ಓದುಗ ಭಾಗಿಸಿ ನೋಡಿ, ವಿಮಾನಕ್ಕೇನೋ ನಿಧಾನದ ರೋಗ ಬಂದಿದೆ ಎಂದುಕೊಳ್ಳುವುದು ಸಹಜ. ಅವಳಿ ಎಂಜಿನ್ ವಿಮಾನಗಳಿಗೆ ಇನ್ನೊಂದು ಕಟ್ಟುಪಾಡು ಇದೆ: ಒಂದು ಎಂಜಿನ್ ನಿಂತರೆ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಮೂಲ ನಿಯಮ 60 ನಿಮಿಷದ್ದು. ವಿಶೇಷ ಅನುಮತಿಯಿಂದ ಇದನ್ನು 120, 180 ಎಂದು ಹೆಚ್ಚಿಸುತ್ತಾ ಬಂದು, ಏರ್‌ಬಸ್ ಎ350ಕ್ಕೆ 2014ರಲ್ಲಿ 370 ನಿಮಿಷದವರೆಗೂ ಒಪ್ಪಿಗೆ ಸಿಕ್ಕಿತು. ಹಾಗಾಗಿ ದಕ್ಷಿಣದ ಸಾಗರಗಳ ಮೇಲಿನ ಕೆಲವು ಮಾರ್ಗಗಳನ್ನು ಬಿಟ್ಟರೆ ಈಗ ಈ ಕಾರಣಕ್ಕೆ ದಾರಿ ಬಾಗುವುದು ಕಡಿಮೆ.

ಈಗ ಅವಧಿಗೆ ಬರೋಣ. ನಿಜವಾದ ಗೊಂದಲ ಇರುವುದು ಇಲ್ಲಿ.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಬ್ಲಾಕ್ ಟೈಮ್. ವಿಮಾನ ಗೇಟಿನಿಂದ ಹಿಂದಕ್ಕೆ ಕದಲಿದ ಕ್ಷಣದಿಂದ, ಮುಂದಿನ ಊರಿನಲ್ಲಿ ನಿಂತು ಚಕ್ರಗಳು ಉರುಳದಂತೆ ಚಾಕ್ (ತಡೆಗಟ್ಟೆ) ಕೊಡುವವರೆಗಿನ ಹೊತ್ತು ಅದು. ರನ್‌ವೇ ಬಿಟ್ಟು ಮತ್ತೆ ರನ್‌ವೇ ಮುಟ್ಟುವವರೆಗಿನ ಹೊತ್ತು ಬೇರೆ, ಅದು ಯಾವಾಗಲೂ ಕಡಿಮೆ. ಪೈಲಟ್ ಧ್ವನಿವರ್ಧಕದಲ್ಲಿ ಹೇಳುವುದು ಸಾಮಾನ್ಯವಾಗಿ ಈ ಎರಡನೆಯದನ್ನು. ಟಿಕೆಟ್ಟಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ಎಂದಿದ್ದು ಪೈಲಟ್ ಎರಡು ಗಂಟೆ ಹತ್ತು ನಿಮಿಷ ಎಂದರೆ ಅರ್ಧ ಗಂಟೆ ಉಳಿಯಿತು ಎಂದು ಹಿಗ್ಗಬೇಡಿ. ಅದು ರನ್‌ವೇವರೆಗೆ ಸಾಗುವ ಸಾಲಿನಲ್ಲಿ, ಇಳಿದ ಮೇಲೆ ಗೇಟ್ ಖಾಲಿಯಾಗಲೆಂದು ಕಾಯುವಲ್ಲಿ ಕರಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಬೆಳಗಿನ ನೂಕುನುಗ್ಗಲಿನಲ್ಲಿ ರನ್‌ವೇ ತಲುಪುವುದಕ್ಕೇ 20–30 ನಿಮಿಷ ಹಿಡಿಯುವುದುಂಟು.

ಇದರ ಮೇಲೆ ವಿಮಾನ ಕಂಪನಿಗಳು ಸ್ವಲ್ಪ ಸಡಿಲವನ್ನೂ ಇಟ್ಟುಕೊಳ್ಳುತ್ತವೆ. ಹಿಂದಿನ ಸೀಸನ್ನಿನ ಹಾರಾಟಗಳ ದಾಖಲೆ ನೋಡಿ, ಬಹುಪಾಲು ದಿನ ಸಾಕಾಗುವಷ್ಟು ಹೊತ್ತನ್ನು ವೇಳಾಪಟ್ಟಿಗೆ ಹಾಕುತ್ತವೆ. ನಿಗದಿತ ವೇಳೆಗಿಂತ 15 ನಿಮಿಷ ಮೀರದಿದ್ದರೆ ‘ಸಮಯಕ್ಕೆ ಸರಿಯಾಗಿ’ ಎಂದೇ ಲೆಕ್ಕ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಐದು ನಿಮಿಷ ಮೊದಲೇ ತಲುಪುವ ಪವಾಡದ ಗುಟ್ಟು ಇಷ್ಟೇ.

ವೇಗದ ಮಾತು. 11 ಕಿ.ಮೀ. ಎತ್ತರದಲ್ಲಿ ಪ್ರಮಾಣಿತ ಉಷ್ಣತೆ ಮೈನಸ್ 56.5 ಡಿಗ್ರಿ ಸೆಲ್ಸಿಯಸ್, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಬೋಯಿಂಗ್ 737, ಏರ್‌ಬಸ್ ಎ320ಗಳು ಅದರ 0.78 ಪಟ್ಟು, ಅಂದರೆ ಸುಮಾರು 830 ಕಿ.ಮೀ. ವೇಗದಲ್ಲಿ, 787 ಮತ್ತು ಎ350ಗಳು 0.85 ಪಟ್ಟು, ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಹಾಗಾದರೆ 500 ಕಿ.ಮೀ. ದೂರಕ್ಕೆ 36 ನಿಮಿಷ ಸಾಕಲ್ಲ, ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ ಯಾಕೆ? ಯಾಕೆಂದರೆ ಅಂಥ ಮಾರ್ಗದಲ್ಲಿ ವಿಮಾನ ಪೂರ್ತಿ ವೇಗದಲ್ಲಿ ಇರುವ ಹೊತ್ತೇ ಕಡಿಮೆ. ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಎಂದರೆ ಗಂಟೆಗೆ 463 ಕಿ.ಮೀ. ಮಿತಿ ಇದೆ. ಇಳಿಯುವುದಕ್ಕೆ ಪೈಲಟ್‌ಗಳು ಹಿಡಿಯುವ ಲೆಕ್ಕ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 36,000 ಅಡಿಯಿಂದ ಇಳಿಯಬೇಕಾದರೆ 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಮೊದಲೇ ಶುರುಮಾಡಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. 500 ಕಿ.ಮೀ. ಮಾರ್ಗದಲ್ಲಿ ಉಳಿದದ್ದು 100 ಕಿ.ಮೀ. ಅದಕ್ಕೇ ಅಂಥ ಕಡೆ ವಿಮಾನ ಅಷ್ಟು ಎತ್ತರಕ್ಕೆ ಹೋಗುವ ಗೋಜಿಗೇ ಹೋಗುವುದಿಲ್ಲ.

ಇಳಿಯುವ ಸಾಲು ಉದ್ದವಿದ್ದರೆ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ. 14,000 ಅಡಿಯೊಳಗೆ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ: ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ಹಾಗೆಯೇ. ಹೀಥ್ರೂಗೆ ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್ ಎಂಬ ನಾಲ್ಕು ಕಡೆ ಇಂಥ ಕಾಯುವ ಜಾಗಗಳಿವೆ. ಮೂರು ಸುತ್ತು ಬಿದ್ದರೆ ಹನ್ನೆರಡು ನಿಮಿಷ ಹೋಯಿತು. ಇದೂ ಬ್ಲಾಕ್ ಟೈಮಿನ ಸಡಿಲದೊಳಗೆ ಹಿಡಿದ ಲೆಕ್ಕವೇ.

ಹೋಗುವ ಅವಧಿ, ಬರುವ ಅವಧಿ ಬೇರೆ ಬೇರೆ ಆಗಲು ಮುಖ್ಯ ಕಾರಣ ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಜಾಸ್ತಿ. 5,550 ಕಿ.ಮೀ. ದೂರಕ್ಕೆ 900 ಕಿ.ಮೀ. ವೇಗದಲ್ಲಿ ಗಾಳಿಯೇ ಇಲ್ಲದಿದ್ದರೆ 6 ಗಂಟೆ 10 ನಿಮಿಷ. ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 5 ಗಂಟೆ 33 ನಿಮಿಷ. ಅದೇ ಗಾಳಿ ಎದುರಾದರೆ 6 ಗಂಟೆ 56 ನಿಮಿಷ. ಒಂದು ದಿಕ್ಕಿಗೂ ಇನ್ನೊಂದಕ್ಕೂ 83 ನಿಮಿಷ ವ್ಯತ್ಯಾಸ. ಒಂದು ಸೂಕ್ಷ್ಮ ಇಲ್ಲಿದೆ: ಹೋಗುವಾಗ ಉಳಿಸಿದ್ದು 37 ನಿಮಿಷ, ಬರುವಾಗ ಕಳೆದದ್ದು 46. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಎರಡೂ ವಜಾ ಆಗಿಹೋಗುವುದಿಲ್ಲ. ಆದ್ದರಿಂದಲೇ ನ್ಯೂಯಾರ್ಕಿನಿಂದ ಲಂಡನ್ನಿಗೆ ವೇಳಾಪಟ್ಟಿಯಲ್ಲಿ ಸುಮಾರು ಏಳು ಗಂಟೆ, ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಎಂಟು. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್–ಲಂಡನ್ ದೂರವನ್ನು 4 ಗಂಟೆ 56 ನಿಮಿಷದಲ್ಲಿ ಕ್ರಮಿಸಿತು. ನೆಲಕ್ಕೆ ಹೋಲಿಸಿದ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆಗ ‘ಶಬ್ದಾತೀತ’ ಎಂದು ಬರೆದವರೂ ಇದ್ದರು, ಅದು ತಪ್ಪು. ಸುತ್ತಲಿನ ಗಾಳಿಗೆ ಹೋಲಿಸಿದರೆ ವಿಮಾನ ಎಂದಿನ ವೇಗದಲ್ಲೇ ಇತ್ತು. ನಿಜವಾಗಿ ಶಬ್ದಾತೀತವಾಗಿದ್ದ ಕಾಂಕಾರ್ಡ್ 1996ರ ಫೆಬ್ರುವರಿಯಲ್ಲಿ ಇದೇ ದೂರಕ್ಕೆ ತೆಗೆದುಕೊಂಡದ್ದು 2 ಗಂಟೆ 52 ನಿಮಿಷ 59 ಸೆಕೆಂಡು.

ಭೂಮಿ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವವರಿಗೆ ಊರು ಎದುರಿಗೇ ಬರುತ್ತದೆ, ಬೇಗ ತಲುಪಬೇಕಲ್ಲವೇ ಎಂದು ಓದುಗರ ಪ್ರಶ್ನೋತ್ತರಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಗಾಳಿಯೂ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತಿರುತ್ತವೆ, ಅಂಥ ಲಾಭ ಇಲ್ಲ. ತಿರುಗುವಿಕೆಯ ಪ್ರಭಾವ ಇರುವುದು ಜೆಟ್ ಸ್ಟ್ರೀಮನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ, ಹಾಗಾಗಿ ಫಲ ನೇರ ಉಲ್ಟಾ.

ಗಾಳಿಯ ಲೆಕ್ಕ ಎಷ್ಟು ದೊಡ್ಡದು ಎನ್ನುವುದಕ್ಕೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗ ನೋಡಬೇಕು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಈ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿಂದ ಕಳಿಸಿತು. ದೂರ ಸುಮಾರು 13,900ರಿಂದ 15,300 ಕಿ.ಮೀ.ಗೆ ಏರಿತು, ಆದರೆ ಬೆನ್ನಿಗೆ ಗಾಳಿ ಸಿಕ್ಕಿದ್ದರಿಂದ ಹಾರಾಟದ ಹೊತ್ತು ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಅಂದರೆ ಸುಮಾರು ಎರಡು ಗಂಟೆ ಉಳಿತಾಯ. ಹೆಚ್ಚು ದೂರ, ಕಡಿಮೆ ಹೊತ್ತು. ಕಿಲೋಮೀಟರ್ ಮಾತ್ರ ಅಚ್ಚುಹಾಕಿದರೆ ಓದುಗನಿಗೆ ಇದು ಅರ್ಥವಾಗುವ ಬಗೆಯೇ ಇಲ್ಲ.

ಹಾಗಾದರೆ ಮನೆಯಲ್ಲಿ ಕುಳಿತು ಅಂದಾಜು ಮಾಡುವುದು ಹೇಗೆ? ಮಹಾವೃತ್ತದ ಕಿಲೋಮೀಟರನ್ನು 850ರಿಂದ ಭಾಗಿಸಿ, ಅದಕ್ಕೆ 40 ನಿಮಿಷ ಸೇರಿಸಿ. ಬರುವುದು ಎರಡೂ ದಿಕ್ಕಿನ ಸರಾಸರಿ ಬ್ಲಾಕ್ ಟೈಮ್. 500 ಕಿ.ಮೀ.ಗೆ ಒಂದೂಕಾಲು ಗಂಟೆ. ಸಿಂಗಪುರದಿಂದ ನ್ಯೂಯಾರ್ಕಿಗೆ ನಿಲ್ಲದೆ ಹೋಗುವ ವಿಮಾನದ ಅಂತರ ಸುಮಾರು 15,350 ಕಿ.ಮೀ.; ಲೆಕ್ಕದ ಪ್ರಕಾರ 18 ಗಂಟೆ 43 ನಿಮಿಷ, ವೇಳಾಪಟ್ಟಿಯೂ ಹದಿನೆಂಟೂವರೆ–ಹತ್ತೊಂಬತ್ತು ಗಂಟೆಯ ನಡುವೆಯೇ ಇರುತ್ತದೆ. ಪೂರ್ವ–ಪಶ್ಚಿಮದ ಉದ್ದ ಮಾರ್ಗವಾದರೆ ಪೂರ್ವಕ್ಕೆ ಹೋಗುವಾಗ ಅರ್ಧದಿಂದ ಒಂದು ಗಂಟೆ ಕಳೆಯಿರಿ, ಪಶ್ಚಿಮಕ್ಕೆ ಅಷ್ಟೇ ಕೂಡಿಸಿ. ಉತ್ತರ–ದಕ್ಷಿಣದ ಮಾರ್ಗಕ್ಕೆ ಈ ತಿದ್ದುಪಡಿ ಬೇಡ. ಪ್ರೊಪೆಲರ್ ಇರುವ ಎಟಿಆರ್ ವಿಮಾನಕ್ಕೆ ಈ ಸೂತ್ರ ನಡೆಯದು. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು.

ಟಿಕೆಟ್ಟಿನ ಎರಡು ವೇಳೆಗಳನ್ನು ನೇರವಾಗಿ ಕಳೆದು ಅವಧಿ ತೆಗೆಯುವುದು ಇನ್ನೊಂದು ತಪ್ಪು. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನ ಗಡಿಯಾರದ್ದು, ತಲುಪುವ ವೇಳೆ ತಲುಪುವ ಊರಿನದ್ದು. ಎರಡನ್ನೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ ತಂದು ಆಮೇಲೆ ಕಳೆಯಬೇಕು. ಟೋಕಿಯೊದಿಂದ ಜನವರಿಯಲ್ಲಿ ಸಂಜೆ 5ಕ್ಕೆ ಹೊರಟು ಲಾಸ್ ಏಂಜಲೀಸ್‌ಗೆ ಅದೇ ದಿನ ಬೆಳಿಗ್ಗೆ 10ಕ್ಕೆ ತಲುಪುವ ವಿಮಾನ ಇದೆ ಎನ್ನಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಹೊರಟದ್ದು ಯುಟಿಸಿ 8ಕ್ಕೆ. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ತಲುಪಿದ್ದು ಯುಟಿಸಿ 18ಕ್ಕೆ. ಅವಧಿ ಹತ್ತು ಗಂಟೆ. ಮರಳುವಾಗ ಮಧ್ಯಾಹ್ನ 12ಕ್ಕೆ ಹೊರಟು ಮರುದಿನ ಸಂಜೆ 5ಕ್ಕೆ ತಲುಪಿದರೆ ಅವಧಿ ಹನ್ನೆರಡು ಗಂಟೆ, ಗಡಿಯಾರದ ಪ್ರಕಾರ ಇಪ್ಪತ್ತೊಂಬತ್ತು. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳು ಇದನ್ನು ಇನ್ನಷ್ಟು ಕೆಡಿಸುತ್ತವೆ. ಅಮೆರಿಕದಲ್ಲಿ ಅದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಲಂಡನ್–ನ್ಯೂಯಾರ್ಕ್ ವ್ಯತ್ಯಾಸ ಐದು ಗಂಟೆಯ ಬದಲು ನಾಲ್ಕು.

ಒಂದೇ ನಂಬರಿನ ‘ಡೈರೆಕ್ಟ್’ ವಿಮಾನ ಮಧ್ಯೆ ಒಂದು ಊರಿನಲ್ಲಿ ಇಳಿದು ಹೊರಡಬಹುದು. ನಿಲ್ಲದೆ ಹೋಗುವುದು ನಾನ್‌ಸ್ಟಾಪ್ ಮಾತ್ರ. ಬೇರೆ ಬೇರೆ ಟಿಕೆಟ್ ಮಾಡಿಸಿ ವಿಮಾನ ಬದಲಿಸುವವರು ಮೊದಲ ವಿಮಾನ ಗೇಟ್ ತಲುಪುವ ಹೊತ್ತನ್ನೂ ಎರಡನೆಯದು ಹೊರಡುವ ಹೊತ್ತನ್ನೂ ಹೋಲಿಸಿ ನೋಡುತ್ತಾರೆ. ನೋಡಬೇಕಾದ್ದು ಎರಡನೆಯದರ ಬ್ಯಾಗೇಜ್ ಕೌಂಟರ್ ಮುಚ್ಚುವ ಹೊತ್ತನ್ನು, ಅದು ಅಂತರರಾಷ್ಟ್ರೀಯ ಹಾರಾಟಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು.

ಇದೆಲ್ಲ ಅತಿ ಸೂಕ್ಷ್ಮ ಎನಿಸಿದರೆ ಯುರೋಪಿನ ಕಾನೂನು ನೋಡಿ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಲ್ಲಿ ವಿಮಾನ ರದ್ದಾದರೆ ಪರಿಹಾರದ ಹಂತ ಬದಲಾಗುವುದು 1,500 ಮತ್ತು 3,500 ಕಿ.ಮೀ. ಗಡಿಗಳಲ್ಲಿ, ಅದೂ ಮಹಾವೃತ್ತದ ಅಂತರದಂತೆ ಎಂದು ನಿಯಮದಲ್ಲೇ ಬರೆದಿದೆ. ನಡುವೆ ವಿಮಾನ ಬದಲಿಸಿದ್ದರೂ ಮೊದಲ ಊರಿಗೂ ಕೊನೆಯ ಊರಿಗೂ ನೇರ ಅಂತರವನ್ನೇ ಹಿಡಿಯಬೇಕೆಂದು ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿತು. ‘ತಲುಪಿದ ವೇಳೆ’ ಎಂದರೆ ಯಾವುದು ಎಂಬ ವ್ಯಾಜ್ಯವನ್ನೂ 2014ರಲ್ಲಿ ಅದೇ ನ್ಯಾಯಾಲಯ ಬಗೆಹರಿಸಿತು: ಚಕ್ರ ನೆಲ ಮುಟ್ಟಿದ ಕ್ಷಣವೂ ಅಲ್ಲ, ಗೇಟಿನಲ್ಲಿ ನಿಂತ ಕ್ಷಣವೂ ಅಲ್ಲ, ವಿಮಾನದ ಒಂದು ಬಾಗಿಲಾದರೂ ತೆರೆದು ಪ್ರಯಾಣಿಕರು ಇಳಿಯಬಹುದಾದ ಕ್ಷಣ.

ಆದ್ದರಿಂದ ಪತ್ರಿಕೆಗೆ ಕೋರಿಕೆ ಇಷ್ಟು. ಚೌಕದಲ್ಲಿ ನಗರದ ಹೆಸರಿನ ಜೊತೆ ನಿಲ್ದಾಣದ ಹೆಸರು ಹಾಕಿ. ಅಂತರ ಮಹಾವೃತ್ತದ್ದು ಎಂದು ಹೇಳಿ, ವಾಯುಪ್ರದೇಶ ಮುಚ್ಚಿ ವಿಮಾನ ಬಳಸಿ ಹೋಗುತ್ತಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅವಧಿಯನ್ನು ಗೇಟಿನಿಂದ ಗೇಟಿಗೆ ಎಂದು ಬರೆದು ಹೋಗುವುದು, ಬರುವುದು ಎರಡನ್ನೂ ಕೊಡಿ. ತಲುಪುವ ದಿನ ಬೇರೆಯಾದರೆ ‘ಮರುದಿನ’ ಎಂದು ತಪ್ಪದೆ ಸೂಚಿಸಿ. ವಿಮಾನ ಕಂಪನಿಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು ಬದಲಾಗುತ್ತದೆ, ಹಾಗಾಗಿ ಅಂಕಿ ಯಾವ ಸೀಸನ್ನಿನದು ಎಂಬುದೂ ಅಲ್ಲೇ ಇರಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ